ಟ್ಯೂಷನ್ ಫೀ: ತಿಂಗಳಿಗೋ, ಕಂತಿಗೋ, ಗಂಟೆಗೋ?

ಮೊದಲ ವರ್ಷ ನಾನು ಫೀ ಗೊತ್ತು ಮಾಡಿದ್ದು ಪಕ್ಕದ ಬೀದಿ ನೋಡಿ. ಅಲ್ಲೊಬ್ಬರು ಮೇಷ್ಟ್ರು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರು. ತಿಂಗಳಿಗೆ 800 ರೂಪಾಯಿ. ನಾನು ಹೊಸಬಳು, 100 ಕಮ್ಮಿ ಇರಲಿ ಅಂತ 700 ಮಾಡಿದೆ. ಮಕ್ಕಳೇನೋ ಬಂದರು. ಆದರೆ ಫೆಬ್ರವರಿ ಹೊತ್ತಿಗೆ ರೂಮಿನ ಬಾಡಿಗೆ ಕಟ್ಟಲು ನಮ್ಮ ಮನೆಯವರ ಸಂಬಳದಿಂದ ತೆಗೆಯಬೇಕಾಯಿತು. ಕೂತು ಯೋಚನೆ ಮಾಡಿದಾಗ ಗೊತ್ತಾಯಿತು. ಆ ಮೇಷ್ಟ್ರು ಪಾಠ ಮಾಡುವುದು ಸ್ವಂತ ಮನೆಯ ಹಜಾರದಲ್ಲಿ. ಬಾಡಿಗೆ ಇಲ್ಲ. ತಿಂಗಳಾದರೆ ಪೆನ್ಷನ್ ಬರುತ್ತದೆ. ಅವರ 800 ಅವರ ಲೆಕ್ಕಕ್ಕೆ ಸರಿಯಾಗಿತ್ತು. ನನ್ನ 700ಕ್ಕೆ ಲೆಕ್ಕವೇ ಇರಲಿಲ್ಲ.

ಮಂಡ್ಯದಂಥ ಊರಿನಲ್ಲಿ ಟ್ಯೂಷನ್ ಶುರು ಮಾಡುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, 'ಎಷ್ಟು ಇಟ್ಟರೆ ಸರಿ ಮೇಡಂ?' ಅದರೊಳಗೆ ಎರಡು ಪ್ರಶ್ನೆ ಇವೆ. ಎಷ್ಟು ಅನ್ನೋದು ಒಂದು. ಯಾವಾಗ, ಹೇಗೆ ತೊಗೊಳ್ಳಬೇಕು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಿಮ್ಮ ಖರ್ಚಿನ ಪುಸ್ತಕದಲ್ಲಿದೆ. ಎರಡನೆಯದಕ್ಕೆ ಉತ್ತರ ಮಕ್ಕಳ ಮನೆಯಲ್ಲಿದೆ, ಅಂದರೆ ಆ ಮನೆಗೆ ದುಡ್ಡು ಯಾವಾಗ ಬರುತ್ತದೆ ಅನ್ನೋದರಲ್ಲಿ. ಇವೆರಡನ್ನೂ ಬೆರೆಸಿದರೆ ಯಾರಿಗೂ ಒಗ್ಗದ ಒಂದು ಸಂಖ್ಯೆ ಬರುತ್ತದೆ. ಅದನ್ನೇ ವರ್ಷವಿಡೀ ಹೊತ್ತುಕೊಂಡು ತಿರುಗಬೇಕಾಗುತ್ತದೆ.

ಮೊದಲು ಎಷ್ಟು ಅಂತ ನೋಡೋಣ

ಒಂದು ಸಣ್ಣ ಟ್ಯೂಷನ್ ಇಟ್ಟುಕೊಳ್ಳೋಣ. ಒಂದೇ ಸಬ್ಜೆಕ್ಟ್, ದ್ವಿತೀಯ ಪಿಯುಸಿ ಗಣಿತ. ಬೆಳಗ್ಗೆ ಒಂದು ಬ್ಯಾಚು, ಸಂಜೆ ಒಂದು. ಒಂದೊಂದಕ್ಕೆ 20 ಮಕ್ಕಳು. ರೂಮಿನ ಬಾಡಿಗೆ 6,000. ಕರೆಂಟು, ನೀರು, ಇಂಟರ್ನೆಟ್ ಸೇರಿ 1,200. ಜೆರಾಕ್ಸು, ಟೆಸ್ಟ್ ಪೇಪರು, ಮಾರ್ಕರು 1,800. ತಿಂಗಳಿಗೆ 9,000 ಖರ್ಚಾಯಿತು. ಇದೆಲ್ಲ ಕಳೆದು ಮನೆಗೆ 35,000 ತರಬೇಕು ಅಂದುಕೊಳ್ಳಿ. ಅಲ್ಲಿಗೆ ತಿಂಗಳಿಗೆ 44,000.

ಎಲ್ಲರೂ ಎಡವುವುದು ಇಲ್ಲೇ. 44,000ವನ್ನು 40 ಮಕ್ಕಳಿಂದ ಭಾಗಿಸಿ 1,100 ಅಂತ ಬೋರ್ಡ್ ಹಾಕಿಬಿಡುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲೂ ಬಾಡಿಗೆ ಕಟ್ಟಬೇಕಲ್ವಾ? ಅಕ್ಕಿ ಬೇಳೆ ಆಗಲೂ ಬೇಕಲ್ವಾ? ಖರ್ಚು 12 ತಿಂಗಳದ್ದು. ಫೀ ಬರುವುದು ಜೂನ್‌ನಿಂದ ಮಾರ್ಚ್ ತನಕ, ಹೆಚ್ಚೆಂದರೆ 10 ತಿಂಗಳು. ಹಾಗಾಗಿ ವರ್ಷದ ಲೆಕ್ಕದಿಂದಲೇ ಶುರು ಮಾಡಿ. 44,000 ಗುಣಿಸು 12, ಅಂದರೆ 5,28,000.

ಇನ್ನು ಮಕ್ಕಳ ಸಂಖ್ಯೆ. ಸೀಟು 40 ಇದ್ದರೂ ಲೆಕ್ಕಕ್ಕೆ 32 ಹಿಡಿಯಿರಿ. ಮೂರು ಸೀಟು ಫೀ ಕಟ್ಟಲು ಆಗದ ಮಕ್ಕಳಿಗೆ. ಇನ್ನೊಂದು ಐದು ಸೀಟು ತುಂಬದೇ ಇರಬಹುದು, ಅಥವಾ ಮೊದಲ ಟೆಸ್ಟ್ ಆದಮೇಲೆ ಖಾಲಿ ಆಗಬಹುದು. 5,28,000ವನ್ನು 32ರಿಂದ ಭಾಗಿಸಿದರೆ 16,500. ವರ್ಷಕ್ಕೆ ಒಂದು ಮಗುವಿಗೆ ಇಷ್ಟು ಬಂದರೆ ಟ್ಯೂಷನ್ ನಿಲ್ಲುತ್ತದೆ. ಇಲ್ಲದಿದ್ದರೆ ನಿಮ್ಮ ಮನೆಯವರ ದುಡ್ಡಿನಲ್ಲಿ ಊರ ಮಕ್ಕಳಿಗೆ ಪಾಠ ಮಾಡಿದ ಹಾಗೆ.

ನಿಮ್ಮ ಬೀದಿಯಲ್ಲಿ 16,500 ಯಾರೂ ಕೊಡುವುದಿಲ್ಲ ಅನ್ನಿಸಬಹುದು. ಆಗ ಸುಮ್ನೆ ಫೀ ಇಳಿಸಬೇಡಿ. ಲೆಕ್ಕದಲ್ಲಿ ಇನ್ನೇನಾದರೂ ಇಳಿಯುತ್ತದಾ ನೋಡಿ. ಬಾಡಿಗೆ ರೂಮು ಬಿಟ್ಟು ಮನೆಯ ಹಜಾರದಲ್ಲೇ ಪಾಠ ಮಾಡಿದರೆ ಅದೇ 32 ಮಕ್ಕಳಿಗೆ ತಲಾ 14,250 ಸಾಕಾಗುತ್ತದೆ. 13,000ದ ಮೇಲೆ ಊರು ಏಳುವುದೇ ಇಲ್ಲ ಅಂದರೆ ಫೀ ಕಟ್ಟುವ ಮಕ್ಕಳೇ 41 ಬೇಕು, ಅಂದರೆ ಮೂರನೇ ಬ್ಯಾಚು ಬೇಕು. ಆ ಬ್ಯಾಚಿಗೆ ನಿಮ್ಮಲ್ಲಿ ಗಂಟೆ ಇದೆಯಾ, ಗಂಟಲು ಇದೆಯಾ ಅಂತ ನೋಡಿಕೊಂಡು ತೀರ್ಮಾನ ಮಾಡಿ.

ಗಂಟೆಯ ಲೆಕ್ಕವನ್ನೂ ಒಮ್ಮೆ ಹಾಕಿ. ಒಂದೂವರೆ ಗಂಟೆಯ ಎರಡು ಕ್ಲಾಸು, ತಿಂಗಳಿಗೆ 24 ದಿನ, ಒಟ್ಟು 72 ಗಂಟೆ. ಟೆಸ್ಟ್ ತಿದ್ದೋದು, ನೋಟ್ಸ್ ಮಾಡೋದು, ಅಪ್ಪ ಅಮ್ಮಂದಿರ ಫೋನು ಸೇರಿ ಇನ್ನೊಂದು 60. 35,000ವನ್ನು 132ರಿಂದ ಭಾಗಿಸಿದರೆ ಗಂಟೆಗೆ 265 ರೂಪಾಯಿ ಚಿಲ್ಲರೆ. 'ಟ್ಯೂಷನ್‌ನವರು ಚೆನ್ನಾಗಿ ದುಡೀತಾರೆ ಬಿಡಿ' ಅಂತ ಯಾರಾದರೂ ಅಂದಾಗ ಈ ಸಂಖ್ಯೆ ನನ್ನ ಮನಸ್ಸಿಗೆ ಬರುತ್ತದೆ. ನಾಲ್ಕು ಹಾಳೆ ಕೆಂಪು ಪೆನ್ನಿನಲ್ಲಿ ತಿದ್ದುವ ಕೆಲಸಕ್ಕೂ ಕೂಲಿ ಇದೆ. ಅದನ್ನು ಕೇಳೋಕೆ ನಾಚಿಕೆ ಬೇಡ.

ತಿಂಗಳ ಫೀ

ಊರಿನಲ್ಲಿ ಎಲ್ಲರಿಗೂ ಅಭ್ಯಾಸ ಇರುವುದು ಇದೇ. ಹೊಸದಾಗಿ ಶುರು ಮಾಡಿದ್ದೀರಿ, ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ ಅಂದರೆ ಮೊದಲ ವರ್ಷ ಇದನ್ನೇ ಇಟ್ಟುಕೊಳ್ಳಿ. ಕಟ್ಟುವವರಿಗೆ ಭಯ ಇರುವುದಿಲ್ಲ. 'ಒಂದ್ ತಿಂಗ್ಳು ನೋಡ್ತೀವಿ, ಸರಿ ಹೋಗ್ಲಿಲ್ಲ ಅಂದ್ರೆ ಬಿಡುಸ್ತೀವಿ' ಅಂತ ಬಾಯಿಬಿಟ್ಟೇ ಹೇಳುತ್ತಾರೆ. ಹೇಳಲಿ. ನಂಬಿಕೆ ಹಾಗೆಯೇ ಬೆಳೆಯುವುದು.

ತಿಂಗಳ ಫೀಯಲ್ಲಿ ಕಾಣದ ಸೋರಿಕೆ ಒಂದಿದೆ. ಕಾಗದದ ಮೇಲೆ 10 ತಿಂಗಳು, ಕೈಗೆ ಬರುವುದು 9. ಯಾಕೆಂದರೆ ದ್ವಿತೀಯ ಪಿಯು ಪರೀಕ್ಷೆ ಮಾರ್ಚ್‌ನಲ್ಲಿ. ಫೆಬ್ರವರಿ ಕೊನೆಗೆ ಮಕ್ಕಳು 'ಮನೇಲೇ ಓದ್ಕೋತೀವಿ ಮಿಸ್' ಅಂತ ನಿಂತುಬಿಡುತ್ತಾರೆ. ಡೌಟ್ ಕೇಳಲು ಮಾತ್ರ ಬರುತ್ತಾರೆ, ನಾವೂ ಹೇಳಿಕೊಡುತ್ತೇವೆ. ಆ ತಿಂಗಳ ಫೀ ಕೇಳೋದು ಹೇಗೆ? 16,500ವನ್ನು 10 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,650. ಆ ಲೆಕ್ಕದಲ್ಲಿ 32 ಮಕ್ಕಳ ಒಂದು ತಿಂಗಳು ತಪ್ಪಿದರೆ 52,800 ಹೋಯಿತು. ನಮ್ಮ ಲೆಕ್ಕದ ಒಂದು ತಿಂಗಳ ಬಾಡಿಗೆ, ಖರ್ಚು, ಮನೆಯ ದುಡ್ಡು ಎಲ್ಲ ಸೇರಿಸಿದರೂ 44,000. ಅದಕ್ಕಿಂತ ಜಾಸ್ತಿ ಸೋರಿಹೋಗುತ್ತದೆ. ಇದರ ಮೇಲೆ ದಸರಾ ರಜೆಯ ತಿಂಗಳು 'ಅರ್ಧ ಕೊಟ್ರೆ ಸಾಕಲ್ವಾ' ಅನ್ನುವವರು ಇದ್ದೇ ಇರುತ್ತಾರೆ.

ಅದಕ್ಕೆ ನಾನು ಮಾಡಿಕೊಂಡ ದಾರಿ ಇದು. ತಿಂಗಳ ಫೀ 1,650 ಅಲ್ಲ, 1,800. ಜೂನ್‌ನಿಂದ ಫೆಬ್ರವರಿ ತನಕ ಒಂಬತ್ತು ತಿಂಗಳು. ಪ್ರತಿ ತಿಂಗಳು 10ನೇ ತಾರೀಖಿನ ಒಳಗೆ. ಒಂಬತ್ತೂ ಕಟ್ಟಿದವರಿಗೆ ಮಾರ್ಚ್‌ನಲ್ಲಿ ಫೀ ಇಲ್ಲ, ಕ್ಲಾಸು ಮಾತ್ರ ಉಂಟು. ಒಟ್ಟು 16,200 ಬರುತ್ತದೆ. ನಮಗೆ ಬೇಕಾದ 16,500ಕ್ಕೆ ಹತ್ತಿರವೇ ಇದೆ. ಕಟ್ಟುವವರಿಗೂ ಭಾರ ಇಲ್ಲ. ಪರೀಕ್ಷೆಯ ತಿಂಗಳಲ್ಲಿ ಫೀ ಕೇಳುವ ಕಷ್ಟವೂ ಇಲ್ಲ. ತಿಂಗಳಿಗೆ ಕಟ್ಟುವವರಲ್ಲಿ ಹೆಚ್ಚಿನವರು ಕೈ ಬಿಗಿ ಇರುವವರು. ಒಟ್ಟಿಗೆ ಕಟ್ಟಲು ಆಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅವರು ವರ್ಷದ ಕೊನೆಗೆ ಉಳಿದವರಿಗಿಂತ ಜಾಸ್ತಿ ಕೊಟ್ಟಿರಬಾರದು. ಇದು ನನಗೆ ಮುಖ್ಯ.

ಇನ್ನೊಂದು ಮಾತು, ಇದನ್ನು ನಾನು ಕಲಿತದ್ದು ಒಂದು ಹುಡುಗಿಯನ್ನು ನೋಯಿಸಿ. ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ಬಹಳ ಚುರುಕು. ಇಂಟಿಗ್ರೇಷನ್ ಲೆಕ್ಕ ಬೋರ್ಡ್ ಮೇಲೆ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳುತ್ತಿದ್ದಳು. ಒಂದು ಸಂಜೆ ಪಾಠ ಮುಗಿದ ಮೇಲೆ, ಫೀ ಬಾಕಿ ಇರುವವರ ಹೆಸರನ್ನು ಎಲ್ಲರೆದುರು ಓದಿದೆ. ಅವಳ ಹೆಸರೂ ಇತ್ತು. ಅವಳು ತಲೆ ಎತ್ತಲಿಲ್ಲ. ಪೆನ್ನಿನ ಮುಚ್ಚಳ ತೆಗೆಯುತ್ತಾ, ಹಾಕುತ್ತಾ ಕೂತಿದ್ದಳು. ಮೂರು ದಿನ ಕ್ಲಾಸಿಗೆ ಬರಲಿಲ್ಲ. ನಾಲ್ಕನೇ ದಿನ ಅವರಮ್ಮ ಬಂದು ದುಡ್ಡು ಕೊಟ್ಟು, 'ಮಗೀನ್ ಕೈಲಿ ಕೇಳ್ಬೇಡಿ ಮಿಸ್, ನನ್ಗೆ ಫೋನ್ ಮಾಡಿ' ಅಂದರು. ಅಂದಿನಿಂದ ಫೀ ಮಾತು ಮಕ್ಕಳ ಹತ್ತಿರ ಇಲ್ಲವೇ ಇಲ್ಲ. ದೊಡ್ಡವರಿಗೆ ಮೆಸೇಜು, ಅದಕ್ಕೆ ಉತ್ತರ ಬರದಿದ್ದರೆ ಫೋನು. ಬೆಂಚಿನ ಮೇಲೆ ಕೂತ ಮಗುವಿಗೆ ಲೆಕ್ಕದ ಚಿಂತೆ ಒಂದೇ ಇರಬೇಕು.

ವರ್ಷದ ಫೀ, ಕಂತಿನಲ್ಲಿ

ನಿಮ್ಮ ಹೆಸರು ನಾಲ್ಕು ಜನಕ್ಕೆ ಗೊತ್ತಾದ ಮೇಲೆ ಇದಕ್ಕೆ ಬನ್ನಿ. ಎರಡನೇ ವರ್ಷ ಬರಬಹುದು, ಮೂರನೇ ವರ್ಷವೂ ಆಗಬಹುದು. 16,500ವನ್ನು ಮೂರು ಭಾಗ ಮಾಡಿ. ಸೇರುವಾಗ 6,500, ಎರಡನೆಯದು 5,000, ಮೂರನೆಯದು 5,000. ಡಿಸೆಂಬರ್ ಮುಗಿಯುವಷ್ಟರಲ್ಲಿ ಲೆಕ್ಕ ಮುಗಿಯಬೇಕು. ಜನವರಿಯಿಂದ ಮಕ್ಕಳಿಗೂ ನಿಮಗೂ ಪರೀಕ್ಷೆಯ ಕಾಲ. ಆಗ ಫೀ ಮಾತು ಇರಬಾರದು.

ಇದರಲ್ಲಿ ಸೋರಿಕೆ ಕಮ್ಮಿ. ಮಗುವೂ ಮಧ್ಯದಲ್ಲಿ ಬಿಡುವುದು ಕಮ್ಮಿ. ವರ್ಷಕ್ಕೆ ಮೂರೇ ಸಲ ಕೇಳಬೇಕು. ಆದರೆ ಕಂತಿನ ತಾರೀಖನ್ನು ನೀವೇ ಗೊತ್ತು ಮಾಡಿದಿರೋ, ಅರ್ಧ ಜನಕ್ಕೆ ಅದು ಸಂಕಟದ ತಾರೀಖಾಗುತ್ತದೆ.

ನನ್ನ ಮೂವರು ಮಕ್ಕಳ ಮನೆಯ ವಿಚಾರ ಹೇಳುತ್ತೇನೆ. ಒಬ್ಬನ ತಂದೆ ಸರ್ಕಾರಿ ನೌಕರರು. ಸಂಬಳ ತಿಂಗಳ ಮೊದಲ ವಾರ ಬರುತ್ತದೆ, ತಿಂಗಳ ಕೊನೆಗೆ ಕೈ ಖಾಲಿ. ಅವರಿಗೆ 25ನೇ ತಾರೀಖು ಅಂದರೆ ಕಷ್ಟ, 5ನೇ ತಾರೀಖು ಅಂದರೆ ಸಲೀಸು. ಇನ್ನೊಬ್ಬಳ ಮನೆಯಲ್ಲಿ ಎರಡು ಹಸು. ತಾಯಿಯೇ ಎಲ್ಲ ನೋಡಿಕೊಳ್ಳುವುದು. ಅವರ ಕೈಗೆ ದುಡ್ಡು ಸೇರುವುದು ಡೇರಿಯ ಬಟವಾಡೆಯಲ್ಲಿ, ಚೂರು ಚೂರಾಗಿ. 6,500 ಒಟ್ಟಿಗೆ ಅಂದರೆ ಅವರು ಒಡವೆ ಅಡ ಇಡಬೇಕಾಗುತ್ತದೆ. ಬಟವಾಡೆ ಆದಾಗಲೆಲ್ಲ 500, 600 ಕೊಡಿ ಅಂದರೆ ಒಂದು ಸಲವೂ ತಪ್ಪಿಸುವುದಿಲ್ಲ. ಮೂರನೆಯವನ ಮನೆಯದು ಕಬ್ಬು. ಕಬ್ಬು ಕಾರ್ಖಾನೆಗೆ ಹೋದ 14 ದಿನದಲ್ಲಿ ರೈತರಿಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾಯಬೇಕಾಗಿ ಬಂದಾಗ ಎಷ್ಟು ಕಾಯಬೇಕು ಅನ್ನೋದು ಬೆಳೆದವರಿಗೇ ಗೊತ್ತು. ಅವನ ತಂದೆ ಜೂನ್‌ನಲ್ಲಿ ಬಂದು 1,000 ರೂಪಾಯಿ ಮೇಜಿನ ಮೇಲಿಟ್ಟು, 'ಮೇಡಂ, ಕಬ್ಬಿನ ದುಡ್ ಬಂದ್ಮೇಲೆ ಒಟ್ಗೇ ಚುಕ್ತಾ ಮಾಡ್ತೀನಿ, ಆಯ್ತಾ?' ಅಂದರು. ಆಯ್ತು ಅಂದೆ. ನವೆಂಬರ್‌ನಲ್ಲಿ ಒಂದು ಮಧ್ಯಾಹ್ನ ಟವೆಲಿನಲ್ಲಿ ಸುತ್ತಿದ ನೋಟಿನ ಕಟ್ಟು ತಂದು, 15,500 ಎಣಿಸಿಕೊಟ್ಟು ಹೋದರು. ಅವರಿಗೆ ತಿಂಗಳ ಫೀ ಅಂತ ಪಟ್ಟು ಹಿಡಿದಿದ್ದರೆ ಆಗಸ್ಟ್‌ನಲ್ಲೇ ಮಗನನ್ನು ಬಿಡಿಸಿರುತ್ತಿದ್ದರು.

ರಾಮನಗರದ ಕಡೆ ರೇಷ್ಮೆ ಮಾಡುವ ಮನೆಯಾದರೆ ಗೂಡು ಮಾರಿದಾಗ ದುಡ್ಡು. ಚನ್ನಗಿರಿ ಕಡೆ ಅಡಿಕೆ ಮನೆಯಾದರೆ ಕೊಯ್ಲಿನ ಮೇಲೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಟ್ಯೂಷನ್ ಮಾಡುವವರಿಗೆ ಈ ತಲೆಬಿಸಿ ಇಲ್ಲ, ಅಲ್ಲಿ ಹೆಚ್ಚಿನ ಮನೆಗೆ ಸಂಬಳದ ತಾರೀಖು ಒಂದೇ. ಸಣ್ಣ ಊರಿನಲ್ಲಿ ಒಂದೇ ಬ್ಯಾಚಿನ 20 ಮನೆಗೆ 20 ತರಹದ ತಾರೀಖು. ಹಾಗಾಗಿ ನಾನು ಒಟ್ಟು ಮೊತ್ತವನ್ನು ಬದಲಿಸುವುದಿಲ್ಲ, ತಾರೀಖನ್ನು ಅವರಿಗೇ ಬಿಡುತ್ತೇನೆ. ಮೂರು ಕಂತು, ಎಲ್ಲ ಡಿಸೆಂಬರ್ 31ರ ಒಳಗೆ, ದಿನ ನೀವೇ ಹೇಳಿ. ತಾವೇ ಹೇಳಿದ ದಿನವನ್ನು ಜನ ಮರೆಯುವುದಿಲ್ಲ. ಆಗದಿದ್ದರೂ ಮುಂಚೆಯೇ ಫೋನ್ ಮಾಡಿ ಹೇಳುತ್ತಾರೆ.

ಒಂದೇ ಸಲ ಪೂರ್ತಿ ಕಟ್ಟುವವರಿಗೆ ಸ್ವಲ್ಪ ಬಿಡಬೇಕಾ? ಬಿಡಬಹುದು, ಆದರೆ ತಿಂಗಳಿಗೆ ಕಟ್ಟುವವರ 16,200ಕ್ಕಿಂತ ಕೆಳಗೆ ಹೋಗದಷ್ಟು ಮಾತ್ರ. ಹತ್ತು ಹದಿನೈದು ಪರ್ಸೆಂಟ್ ಬಿಟ್ಟು ಜೂನ್‌ನಲ್ಲೇ ಎಲ್ಲ ದುಡ್ಡು ಸೇರಿಸುವ ಆಸೆ ಬೇಡ. ಮಾರ್ಚ್ ತನಕ ಮಾಡಬೇಕಾದ ಪಾಠದ ದುಡ್ಡು ಅದು, ಪಾಠ ಆಗುವ ತನಕ ನಿಮ್ಮದಲ್ಲ. ಹಿಂದೆ ನಾನು ಪಾಠ ಮಾಡುತ್ತಿದ್ದ ಒಂದು ಕೋಚಿಂಗ್‌ನಲ್ಲಿ ಜೂನ್‌ನಲ್ಲೇ ವರ್ಷದ ಫೀ ತೊಗೊಂಡು, ಅದರಲ್ಲೇ ಹೊಸ ಕಟ್ಟಡಕ್ಕೆ ಅಡ್ವಾನ್ಸ್ ಕೊಟ್ಟುಬಿಟ್ಟರು. ಜನವರಿಯಲ್ಲಿ ನಮಗೆ ಸಂಬಳ ಇಲ್ಲ, ಮಕ್ಕಳಿಗೆ ಕೆಮಿಸ್ಟ್ರಿ ಮೇಷ್ಟ್ರು ಇಲ್ಲ. ಆ ಮಕ್ಕಳ ಮುಖ ನನಗೆ ಇನ್ನೂ ಮರೆತಿಲ್ಲ. ಆದ್ದರಿಂದ ಕಂತಿನ ದುಡ್ಡಿಗೆ ಬೇರೆ ಅಕೌಂಟ್ ಇಡಿ. ಅದರಿಂದ ತಿಂಗಳಿಗೆ 44,000 ಮಾತ್ರ ತೆಗೆಯಿರಿ. ಏಪ್ರಿಲ್, ಮೇ ತಿಂಗಳಿಗೆ ಉಳಿಯುವುದು ಹಾಗೆ ಮಾಡಿದರೆ ಮಾತ್ರ.

ವಾಪಸ್ ಕೊಡುವ ವಿಚಾರವನ್ನೂ ಮೊದಲೇ ಹೇಳಿಬಿಡಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ತಂದಿತು. ಪೂರ್ತಿ ಫೀ ಕಟ್ಟಿದ ವಿದ್ಯಾರ್ಥಿ ಮಧ್ಯದಲ್ಲಿ ಬಿಟ್ಟರೆ, ಉಳಿದ ಅವಧಿಯ ಫೀಯನ್ನು 10 ದಿನದಲ್ಲಿ ವಾಪಸ್ ಕೊಡಬೇಕು ಅಂತ ಅದರಲ್ಲಿದೆ. ಕೋರ್ಸ್ ನಡೆಯುವಾಗ ಫೀ ಏರಿಸಬಾರದು, ಫೀಗೆ ರಸೀದಿ ಕೊಡಬೇಕು, ನೋಟ್ಸಿಗೆ ಬೇರೆ ದುಡ್ಡು ಕೇಳಬಾರದು ಅಂತಲೂ ಇದೆ. ಅದು 50ಕ್ಕಿಂತ ಜಾಸ್ತಿ ಮಕ್ಕಳಿರುವ ಸೆಂಟರ್‌ಗಳನ್ನು ಉದ್ದೇಶಿಸಿದ್ದು. ನಿಮ್ಮಲ್ಲಿ 40 ಮಕ್ಕಳೇ ಇರಬಹುದು. ಆದರೂ ಈ ನಾಲ್ಕನ್ನೂ ಪಾಲಿಸಿ. ವಾಪಸ್ ಕೇಳುವವರು ವರ್ಷಕ್ಕೆ ಒಬ್ಬರೋ ಇಬ್ಬರೋ. ತಕರಾರಿಲ್ಲದೆ ಕೊಟ್ಟುಬಿಟ್ಟರೆ ಅವರೇ ನಾಳೆ ಇನ್ನೊಬ್ಬರನ್ನು ಕಳಿಸುತ್ತಾರೆ.

ಗಂಟೆಗೆ ಇಷ್ಟು, ಮನೆಗೆ ಹೋಗಿ

ಮನೆಪಾಠಕ್ಕೆ ಗಂಟೆಗೆ 500 ಕೊಡುತ್ತೇವೆ ಅಂದಾಗ ಕಣ್ಣು ಅರಳುತ್ತದೆ. ನಮ್ಮ 265ರ ಎರಡರಷ್ಟು ಹತ್ತಿರ ಆಯಿತಲ್ವಾ? ಸ್ವಲ್ಪ ನಿಲ್ಲಿ. ಹೋಗಲು 20 ನಿಮಿಷ, ಬರಲು 20 ನಿಮಿಷ. ಒಂದು ಗಂಟೆಯ ಕೆಲಸ 100 ನಿಮಿಷ ಆಯಿತು. ಅಲ್ಲಿಗೆ ಗಂಟೆಗೆ 300, ಅದರಲ್ಲಿ ಪೆಟ್ರೋಲ್ ಕಳೆಯಿರಿ. ಬಾಗಿಲು ತಟ್ಟಿದ ಮೇಲೆ 'ಇವತ್ತು ನೆಂಟರು ಬಂದಿದ್ದಾರೆ, ನಾಳೆ ಬನ್ನಿ' ಅಂದರೆ ಅದೂ ಇಲ್ಲ.

ಆದರೂ ಮನೆಪಾಠ ಬೇಕಾಗುವ ಸಮಯ ಇದೆ. ಬಾಡಿಗೆ ರೂಮು ಹಿಡಿಯಲು ಅಡ್ವಾನ್ಸ್ ಇಲ್ಲದವರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು. ಮಗು ಬ್ಯಾಚಿನಲ್ಲಿ ಹಿಂದೆ ಬಿದ್ದಿದೆ, ಇಬ್ಬರೇ ಕೂತರೆ ಕಲಿಯುತ್ತದೆ ಅಂದಾಗಲೂ ಇದೇ ಸರಿ. ಎರಡು ಕರಾರು ಮಾಡಿಕೊಳ್ಳಿ. ನಾಲ್ಕು ಕ್ಲಾಸಿನ ದುಡ್ಡು ಮುಂಗಡ. ನಾಲ್ಕು ಗಂಟೆ ಮುಂಚೆ ಹೇಳದೆ ತಪ್ಪಿಸಿದರೆ ಆ ಕ್ಲಾಸು ಲೆಕ್ಕಕ್ಕೆ ಸೇರುತ್ತದೆ. ಇದನ್ನು ಮೊದಲ ದಿನವೇ ನಗುನಗುತ್ತಾ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೂರನೇ ವಾರ ಹೇಳಿದರೆ ಜಗಳ.

ಕ್ರ್ಯಾಶ್ ಕೋರ್ಸು

ಪಿಯು ಪರೀಕ್ಷೆ ಮುಗಿದ ಮೇಲೆ ಸಿಇಟಿ ತನಕ ಕೆಲವೇ ವಾರ ಸಿಗುತ್ತದೆ. ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಾದರೆ ಮಾರ್ಕ್ಸ್ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹೀಗಾಗಿ ಈ ಕೆಲವು ವಾರಕ್ಕೆ ಮನೆಯವರು ದುಡ್ಡು ಕೊಡಲು ಹಿಂದೆ ಮುಂದೆ ನೋಡುವುದಿಲ್ಲ. ಅದೇ ಕಾರಣಕ್ಕೆ ಇಲ್ಲಿ ಮಿತಿ ಮೀರುವ ಆಸೆಯೂ ಬರುತ್ತದೆ.

ನಾನು ಕ್ಲಾಸಿನ ಲೆಕ್ಕದಲ್ಲಿ ಬೆಲೆ ಇಡುತ್ತೇನೆ. ಎರಡು ಗಂಟೆಯ 18 ಕ್ಲಾಸು, ಒಂದಕ್ಕೆ 150, ಒಟ್ಟು 2,700. ವರ್ಷದ ಬ್ಯಾಚಿನಲ್ಲಿ ರಜೆಯೆಲ್ಲ ಕಳೆದು ಸುಮಾರು 200 ಕ್ಲಾಸು ಆಗುತ್ತದೆ. 16,500ವನ್ನು ಅದರ 300 ಗಂಟೆಯಿಂದ ಭಾಗಿಸಿದರೆ ಒಂದು ಮಗುವಿಗೆ ಗಂಟೆಗೆ 55. ಕ್ರ್ಯಾಶ್ ಕೋರ್ಸಿಗೆ 75. ಈ 20 ರೂಪಾಯಿ ಜಾಸ್ತಿಗೆ ಕಾರಣ ಇದೆ. ದಿನಾ ಟೆಸ್ಟು, ದಿನಾ ಪ್ರಿಂಟು, ರಾತ್ರಿ ಕೂತು ಹಳೆಯ ಪ್ರಶ್ನೆ ಆರಿಸುವ ಕೆಲಸ. ವರ್ಷವಿಡೀ ನಮ್ಮಲ್ಲೇ ಓದಿದ ಮಕ್ಕಳಿಗೆ 1,800. ಅವರ ಬುಡ ಗಟ್ಟಿ ಮಾಡಿದ್ದು ನಾವೇ, ಹಾಗಾಗಿ ಕೆಲಸವೂ ಕಮ್ಮಿ. ದುಡ್ಡು ಒಂದೇ ಸಲ, ಮೊದಲ ದಿನ. ಮೂರು ವಾರದ ಕೋರ್ಸಿಗೆ ಕಂತು ಅಂದರೆ ಎರಡನೇ ಕಂತು ಬರುವ ಹೊತ್ತಿಗೆ ಸಿಇಟಿಯೇ ಮುಗಿದಿರುತ್ತದೆ.

2024ರಿಂದ ಪಿಯುಸಿಗೂ ಎಸ್ಸೆಸ್ಸೆಲ್ಸಿಗೂ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆ ಬಂದಿವೆ. ಮೊದಲನೆಯದರಲ್ಲಿ ಗಣಿತ ಹೋದ ಮಗು ಎರಡನೆಯದಕ್ಕೆ ಕೂರಬಹುದು. ಈ ಮಕ್ಕಳು ಬರುವಾಗ ಸೋತ ಮುಖ ಹೊತ್ತು ಬರುತ್ತಾರೆ. ಅವರಿಗಾಗಿ ಬೇರೆ ಸಣ್ಣ ಬ್ಯಾಚು ಮಾಡಿ, ಅದೇ ಕ್ಲಾಸಿನ ಲೆಕ್ಕದಲ್ಲಿ ಬೆಲೆ ಇಡಿ. 'ಪಾಸ್ ಆದ ಮೇಲೆ ಡಬಲ್ ಕೊಡ್ತೀವಿ' ಅನ್ನುವ ಅಪ್ಪಂದಿರು ಬರುತ್ತಾರೆ. ಒಪ್ಪಬೇಡಿ. ಕಾಯಿಲೆಯಿಂದಲೋ, ಹೆದರಿಕೆಯಿಂದಲೋ ಮಗು ತಪ್ಪಿದರೆ ಆ ಸೋಲಿಗೆ ಒಂದು ಬೆಲೆ ಕಟ್ಟಿದ ಹಾಗೆ ಆಗುತ್ತದೆ. ಪಾಸಿನ ಗ್ಯಾರಂಟಿ ಅಂತ ಬೋರ್ಡ್ ಹಾಕುವ ಆಸೆಯೂ ಬೇಡ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತಿಗೆ ಮಾರ್ಗಸೂಚಿ ತಂದಿದೆ. ಖಂಡಿತ ರ‍್ಯಾಂಕು ಅನ್ನೋ ತರಹದ ಮಾತಿಗೆ ಅದರಲ್ಲಿ ತಡೆ ಇದೆ.

ಆನ್‌ಲೈನು, ಎರಡು ಸಬ್ಜೆಕ್ಟು

ಆನ್‌ಲೈನ್ ಅಂದ ತಕ್ಷಣ ಅರ್ಧ ಬೆಲೆ ಅನ್ನುತ್ತಾರೆ. ನಿಮ್ಮ ಗಂಟೆ ಅರ್ಧ ಆಗುತ್ತದಾ? ಇಲ್ಲ. ಬಾಡಿಗೆ ಉಳಿಯುತ್ತದೆ, ಅಷ್ಟನ್ನು ಇಳಿಸಿ. ನಮ್ಮ ಲೆಕ್ಕದಲ್ಲಿ ಅದು 14,250. ಬ್ಯಾಚು ಮಾತ್ರ 12ರ ಮೇಲೆ ಬೇಡ. ಪರದೆಯಲ್ಲಿ 13ನೇ ಮಗು ನಿದ್ದೆ ಮಾಡಿದರೂ ಗೊತ್ತಾಗುವುದಿಲ್ಲ. ಮಕ್ಕಳು ಕಮ್ಮಿಯಾದಾಗ ಲೆಕ್ಕ ಮತ್ತೆ ಏರುತ್ತದೆ. ಎರಡೇ ಬ್ಯಾಚು ಇದ್ದರೆ ಕೊನೆಗೆ ರೂಮಿನ ಬೆಲೆಯನ್ನೂ ದಾಟುತ್ತದೆ.

ಫಿಸಿಕ್ಸ್ ಹೇಳುವವರ ಜೊತೆ ಸೇರಿ ಎರಡೂ ಸಬ್ಜೆಕ್ಟಿಗೆ ಒಂದೇ ಫೀ ಇಡುವುದಾದರೆ, ರಿಯಾಯಿತಿ ಯಾರ ಪಾಲಿನಿಂದ ಹೋಗುತ್ತದೆ ಅಂತ ಮೊದಲೇ ಬರೆದುಕೊಳ್ಳಿ. ಗೆಳೆತನ ಉಳಿಯಬೇಕಲ್ವಾ.

ಚೌಕಾಸಿ, ರಿಯಾಯಿತಿ

ಚೌಕಾಸಿಗೆ 1,000 ಇಳಿಸಿದರೆ, ಕೇಳಿದವರಿಗೆ ಕಮ್ಮಿ, ಕೇಳದೆ ಸುಮ್ನೆ ಕಟ್ಟಿದವರಿಗೆ ಜಾಸ್ತಿ ಆಯಿತು. ಸಣ್ಣ ಊರಿನಲ್ಲಿ ಇದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಎಲ್ಲರಿಗೂ ಚೂರು ಚೂರು ಇಳಿಸುವ ಬದಲು, ಆಗಲೇ ಹೇಳಿದ ಮೂರು ಸೀಟನ್ನು ಪೂರ್ತಿ ಬಿಟ್ಟುಕೊಡಿ. ಯಾರಿಗೆ ಅನ್ನೋದು ನಿಮಗೂ ಆ ಮನೆಯವರಿಗೂ ಮಾತ್ರ ಗೊತ್ತಿರಲಿ. ಪೂರ್ತಿ ಪುಕ್ಕಟೆ ಬೇಡ ಅನ್ನುವ ಸ್ವಾಭಿಮಾನಿಗಳಿಗೆ ತಿಂಗಳಿಗೆ 200 ಅಂತ ಹೇಳಿ, ರಸೀದಿ ಕೊಡಿ. ಅಣ್ಣ ತಂಗಿ ಇಬ್ಬರೂ ಬಂದರೆ ಎರಡನೆಯವರಿಗೆ 1,500 ಬಿಡಬಹುದು. ಇದು ಬೋರ್ಡಿನಲ್ಲೇ ಇರಲಿ.

ಫೀ ಏರಿಸುವುದಾದರೆ ಹೊಸ ಬ್ಯಾಚಿಗೆ, ಜೂನ್‌ನಲ್ಲಿ. ಪ್ರಥಮ ಪಿಯುಸಿಯಿಂದ ನಿಮ್ಮಲ್ಲೇ ಇರುವ ಮಕ್ಕಳಿಗೆ ಮಾರ್ಚ್‌ನಲ್ಲೇ ತಿಳಿಸಿ. ಬಾಡಿಗೆ ಏರಿದಷ್ಟು, ಪ್ರಿಂಟಿನ ಖರ್ಚು ಏರಿದಷ್ಟು ಏರಿಸಿ. ಕಾರಣ ಕೇಳಿದರೆ ಲೆಕ್ಕದ ಪುಸ್ತಕ ತೆರೆದು ತೋರಿಸುವ ಹಾಗಿರಬೇಕು.

ತೆರಿಗೆ, ರಿಜಿಸ್ಟ್ರೇಷನ್

ಟ್ಯೂಷನ್, ಕೋಚಿಂಗ್‌ಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ಆದರೆ ನಮ್ಮ ರಾಜ್ಯದಲ್ಲಿ ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. 16,500ರ ಲೆಕ್ಕದಲ್ಲಿ 121 ಮಕ್ಕಳ ತನಕ ನೀವು ಒಳಗೇ ಇದ್ದೀರಿ. 122ನೇ ಮಗು ಬಂದರೆ ದಾಟಿತು. ಆಗ ಅದೇ ಫೀ ಮೇಲೆ 2,970 ಸೇರಿ 19,470 ಆಗುತ್ತದೆ. 50 ಲಕ್ಷದ ಒಳಗಿನವರಿಗೆ ಕಾಂಪೋಸಿಷನ್ ಅಂತ ಇನ್ನೊಂದು ದಾರಿ ಇದೆ, ವಹಿವಾಟಿನ ಮೇಲೆ 6 ಪರ್ಸೆಂಟ್. ಅದನ್ನು ಮಕ್ಕಳಿಂದ ಬೇರೆಯಾಗಿ ವಸೂಲಿ ಮಾಡುವ ಹಾಗಿಲ್ಲ, ನಿಮ್ಮ ಫೀಯಿಂದಲೇ ಹೋಗಬೇಕು, ಒಂದು ಮಗುವಿಗೆ 990. ಬೇರೆ ರಾಜ್ಯದ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡುವವರಿಗೆ ಈ ದಾರಿ ಸಿಗುವುದಿಲ್ಲ. 100 ಮಕ್ಕಳ ಹತ್ತಿರ ಬಂದಾಗಲೇ ಒಬ್ಬ ಲೆಕ್ಕಪರಿಶೋಧಕರನ್ನು ಕಾಣಿರಿ.

ಟ್ಯುಟೋರಿಯಲ್‌ಗಳ ರಿಜಿಸ್ಟ್ರೇಷನ್ ಬಗ್ಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿದೆ. ನಿಮಗೆ ಅದು ಅನ್ವಯಿಸುತ್ತದಾ ಅಂತ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ. ಶಾಲೆಯಲ್ಲಿ ಕೆಲಸ ಮಾಡುತ್ತಾ ಸಂಜೆ ಟ್ಯೂಷನ್ ಯೋಚನೆ ಇದ್ದರೆ ಫೀ ಲೆಕ್ಕಕ್ಕೂ ಮುಂಚೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಓದಿ. ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ಅದು ತಡೆಯುತ್ತದೆ.

ಕೊನೆಗೆ ಒಂದು ಹಾಳೆ

ಯಾವ ದಾರಿ ಹಿಡಿದರೂ ಸೇರುವ ದಿನ ಮನೆಯವರ ಕೈಗೆ ಒಂದು ಹಾಳೆ ಕೊಡಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಒಂದೇ ಪುಟ. ನಮ್ಮದು ಹೀಗಿದೆ:

'ವರ್ಷದ ಫೀ 16,500. ಮೂರು ಕಂತು, ಡಿಸೆಂಬರ್ 31ರ ಒಳಗೆ. ತಿಂಗಳಿಗೆ ಕಟ್ಟುವವರಿಗೆ 1,800, ಜೂನ್‌ನಿಂದ ಫೆಬ್ರವರಿ ತನಕ. ಮಾರ್ಚ್‌ನಲ್ಲಿ ಫೀ ಇಲ್ಲ. ನೋಟ್ಸಿಗೆ, ಟೆಸ್ಟಿಗೆ ಬೇರೆ ದುಡ್ಡು ಇಲ್ಲ. ದಸರಾ ರಜೆ ಸೇರಿಸಿಯೇ ಲೆಕ್ಕ ಹಾಕಿದೆ. ಮಧ್ಯದಲ್ಲಿ ಬಿಟ್ಟರೆ ಉಳಿದ ದಿನದ ಫೀ 10 ದಿನದಲ್ಲಿ ವಾಪಸ್. ಫೀ ವಿಚಾರ ಮಕ್ಕಳ ಹತ್ತಿರ ಮಾತಾಡುವುದಿಲ್ಲ. ಕಷ್ಟ ಇದ್ದರೆ ಮುಂಚೆಯೇ ಫೋನ್ ಮಾಡಿ.'

ಅದರ ಕೆಳಗೆ ಮೂರು ಖಾಲಿ ಗೆರೆ ಬಿಟ್ಟಿದ್ದೇವೆ, ಕಂತಿನ ತಾರೀಖಿಗೆ. ಪೆನ್ನು ಮಾತ್ರ ಅಪ್ಪ ಅಮ್ಮನ ಕೈಗೇ ಕೊಡಿ. ಕ್ಯಾಲೆಂಡರ್ ನೋಡಿ, ಬೆರಳು ಮಡಿಸಿ ಎಣಿಸಿ, ಅವರೇ ಬರೆಯಲಿ.